ಯಾರೂ ಬಾರದಿದ್ದರೂ ಫಲಕ ಹಿಡಿದು ನಿಲ್ಲುವವರ ಮುಂದಿನ ವ್ಯವಸ್ಥೆ ಕುರಿತು

ಇಲಾಖೆ: (ಹೆಸರು ಇನ್ನೂ ತೀರ್ಮಾನವಾಗಿಲ್ಲ)
ಕೇಂದ್ರ ಕಚೇರಿ: ಒಲೆಯ ಬಲಬದಿ, ಅಡುಗೆಮನೆ, ವಿದನ್‌ಶಾ, ಮ್ಯಾಂಚೆಸ್ಟರ್
ಸಂಖ್ಯೆ: ಮನೆ/ಹವ್ಯಾಸ/ಬದಲಿ/ಪರಿಷ್ಕೃತ/ಮರುಪರಿಷ್ಕೃತ
ದಿನಾಂಕ: ನವೆಂಬರ್‌ನ ಒಂದು ಭಾನುವಾರ, ಎರಡನೇ ಸಲ ವಾಷಿಂಗ್ ಮೆಷಿನ್ ಹಾಕಿದ ನಂತರ

ಸುತ್ತೋಲೆ

ವಿಷಯ: ಶ್ರೀ ಹರಿಶ್ಚಂದ್ರ ಇವರು ವಿಮಾನ ನಿಲ್ದಾಣದಿಂದ ಜನರನ್ನು ಕರೆತರುವ ದೀರ್ಘಕಾಲದ ಹವ್ಯಾಸವನ್ನು ಬಿಡಬೇಕಾಗಿ ಬಂದಿರುವುದರಿಂದ, ಅವರಿಗೆ ತೃಪ್ತಿಕರವಾದ ಬದಲಿ ಹವ್ಯಾಸ ಅಥವಾ ಸ್ವಯಂಸೇವೆ ಒದಗಿಸುವ ಬಗ್ಗೆ; ಹಾಗೂ ಅದು ಒದಗುವವರೆಗೆ ಮನೆಯವರು ತಾಳ್ಮೆಯಿಂದಿರುವ ಬಗ್ಗೆ.

ಉಲ್ಲೇಖ:
1) ಕಣ್ಣಿನ ಡಾಕ್ಟರರ ಪತ್ರ.
2) ಮಗಳು ಕ್ಷಮಾ ಮೆಟ್ಟಿಲ ಮೇಲಿಂದ ಕೂಗಿ ಸಲ್ಲಿಸಿದ ಮೌಖಿಕ ದೂರು.
3) ಮಗ ತುಷಾರ್ ಪಕ್ಕದ ಕೋಣೆಯಿಂದಲೇ ವಾಟ್ಸಾಪ್‌ನಲ್ಲಿ ಕಳುಹಿಸಿದ ದೂರು.
4) ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿಯಿಂದ ಬಂದ ದೂರವಾಣಿ ಕರೆ (ವಿನಯಪೂರ್ವಕ).

ಪ್ರಸ್ತಾವನೆ:

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮನೆಯ ಎಲ್ಲ ಸದಸ್ಯರಿಗೆ, ಬಂದುಹೋಗುವ ಬಂಧುಗಳಿಗೆ ಹಾಗೂ ಪಾರ್ಸೆಲ್ ತರುವ ವ್ಯಕ್ತಿಗೆ ತಿಳಿಯಪಡಿಸುವುದೇನೆಂದರೆ, ಈ ಮನೆಯ ಯಜಮಾನರೂ ಬರ್ಚ್‌ವುಡ್‌ನ ಕಂಪನಿಯೊಂದರಿಂದ ನಿವೃತ್ತರಾದ ಎಂಜಿನಿಯರೂ ಆದ ಶ್ರೀ ಹರಿಶ್ಚಂದ್ರ (ಇನ್ನು ಮುಂದೆ ‘ಸದರಿಯವರು’) ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಯಾರೂ ನೇಮಿಸದೆ, ಯಾರೂ ಕೇಳದೆ, ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಬಂದಿಳಿಯುವ ಕನ್ನಡದವರನ್ನು ಕರೆದುಕೊಂಡು ಬರುವ ಕೆಲಸ ಮಾಡಿಕೊಂಡಿದ್ದರು. ಓದಲು ಬರುವ ಮಕ್ಕಳು, ಹೊಸದಾಗಿ ಆಸ್ಪತ್ರೆ ಸೇರುವ ಡಾಕ್ಟರರು, ಮಗಳ ಬಾಣಂತನಕ್ಕೆ ಬರುವ ತಾಯಂದಿರು, ಯಾರಾದರೂ ಸರಿ. ಲೀಡ್ಸ್‌ಗೆ ಹೋಗಬೇಕಾದವರನ್ನು ಲೀಡ್ಸ್‌ಗೂ ವುಲ್ವರ್‌ಹ್ಯಾಂಪ್ಟನ್‌ಗೆ ಹೋಗಬೇಕಾದವರನ್ನು ವುಲ್ವರ್‌ಹ್ಯಾಂಪ್ಟನ್‌ಗೂ ಮುಟ್ಟಿಸಿ, “ಇಲ್ಲೇ ಪಕ್ಕದಲ್ಲಿ ಇದ್ದೇನೆ, ಈಗ ಬಂದೆ” ಎಂದು ಇಲಾಖೆಗೆ ಫೋನಿನಲ್ಲಿ ಸುಳ್ಳು ವರದಿ ಸಲ್ಲಿಸುತ್ತಿದ್ದರು.

ಸದರಿ ಹವ್ಯಾಸಕ್ಕೆ ಬಳಕೆಯಾಗುತ್ತಿದ್ದ ಸಾಮಗ್ರಿಗಳು ಹೀಗಿವೆ: ಒಂದು ಫ್ಲಾಸ್ಕಿನಲ್ಲಿ ಚಹಾ. ಡಬ್ಬಿಯಲ್ಲಿ ಇಲಾಖೆ ತಯಾರಿಸಿದ ಚಿತ್ರಾನ್ನ. ಕಾರಿನ ಡಿಕ್ಕಿಯಲ್ಲಿ ಸದಾ ಮಡಚಿಟ್ಟಿರುತ್ತಿದ್ದ ಕಂದು ಬಣ್ಣದ ದಪ್ಪ ಕೋಟು. ಇದು ಜನವರಿಯ ಚಳಿಯಲ್ಲಿ ತೆಳ್ಳನೆಯ ಸ್ವೆಟರ್ ತೊಟ್ಟು ಇಳಿಯುವವರಿಗಾಗಿ. ಮತ್ತು ಬರುವವರ ಹೆಸರನ್ನು ಕನ್ನಡದಲ್ಲಿ ಬರೆದ ರಟ್ಟಿನ ಫಲಕ. ಫಲಕವು ಕನ್ನಡದಲ್ಲೇ ಏಕಿರಬೇಕೆಂದು ಇಲಾಖೆ ಹಿಂದೊಮ್ಮೆ ವಿವರಣೆ ಕೇಳಿದಾಗ, “ಅಷ್ಟು ಇಂಗ್ಲಿಷಿನ ನಡುವೆ ಕನ್ನಡ ಕಂಡರೆ ಅರ್ಧ ಚಳಿ ಅಲ್ಲೇ ಬಿಡ್ತದೆ ಮಾರಾಯ್ತಿ” ಎಂಬ ಉತ್ತರ ಬಂದಿರುತ್ತದೆ. ಬೆಂಗಳೂರಿನಿಂದ ಬಂದ ಪೂಜಿತಾ ಎಂಬ ವಿದ್ಯಾರ್ಥಿನಿಯು ಕನ್ನಡ ಓದಲು ಬಾರದೆ, ತನ್ನದೇ ಹೆಸರಿನ ಫಲಕದ ಪಕ್ಕದಲ್ಲಿ ಬಹಳ ಹೊತ್ತು ನಿಂತಿದ್ದು, ಕೊನೆಗೆ ಫಲಕ ಹಿಡಿದವರನ್ನೇ “ಅಂಕಲ್, ಇಲ್ಲಿ ಹರಿಶ್ಚಂದ್ರ ಅಂಕಲ್ ಅಂತ ಯಾರಾದ್ರೂ ಗೊತ್ತಾ?” ಎಂದು ವಿಚಾರಿಸಿದ ಪ್ರಕರಣದ ನಂತರವೂ ಈ ನಿಯಮ ಸಡಿಲವಾಗಿಲ್ಲ.

ಹವ್ಯಾಸದ ಮೂಲದ ಬಗ್ಗೆ ಇಲಾಖೆಗೆ ತಿಳಿದಿರುವುದು ಸ್ವಲ್ಪ. ಸದರಿಯವರು ಮೊದಲ ಸಲ ಈ ದೇಶಕ್ಕೆ ಬಂದಿಳಿದ ದಿನ, ಕರೆದೊಯ್ಯಬೇಕಾಗಿದ್ದ ಪರಿಚಯದವರು ತಾರೀಖು ಮರೆತಿದ್ದರು. ಆ ದಿನದ ಬಗ್ಗೆ ಮದುವೆಯಾದ ಇಷ್ಟು ವರ್ಷಗಳಲ್ಲಿ ಸದರಿಯವರು ಒಮ್ಮೆ ಮಾತ್ರ, ಬೆಳ್ಳುಳ್ಳಿ ಸುಲಿಯುತ್ತಾ, ಹೇಳಿಕೆ ನೀಡಿರುತ್ತಾರೆ: “ಎಲ್ಲರ ಬೋರ್ಡೂ ಓದಿದೆ. ಒಂದರಲ್ಲೂ ನನ್ನ ಹೆಸರಿರಲಿಲ್ಲ.” ಹೆಚ್ಚಿನ ವಿವರ ಕೇಳಲಾಗಿ, “ಬೆಳ್ಳುಳ್ಳಿ ಇಷ್ಟು ಸಾಕಾ?” ಎಂದು ಮರುಪ್ರಶ್ನೆ ಹಾಕಿದ್ದರಿಂದ ವಿಚಾರಣೆಯನ್ನು ಅಲ್ಲಿಗೆ ಮುಕ್ತಾಯಗೊಳಿಸಲಾಗಿದೆ.

ಕಳೆದ ಚಳಿಗಾಲದಲ್ಲಿ ಕಣ್ಣಿನ ಡಾಕ್ಟರರು, ಸದರಿಯವರಿಗೆ ಎದುರಿನದು ಚೆನ್ನಾಗಿ ಕಾಣುತ್ತಿದ್ದರೂ ಪಕ್ಕದಲ್ಲಿರುವುದು ಕಾಣುತ್ತಿಲ್ಲವೆಂದು ತಿಳಿಸಿ, ಕಾರು ಓಡಿಸುವುದನ್ನು ನಿಲ್ಲಿಸಲು ಸೂಚಿಸಿದರು. ಇಷ್ಟು ವರ್ಷ ಪಕ್ಕದ ಸೀಟಿನಲ್ಲೇ ಕುಳಿತಿದ್ದ ಇಲಾಖೆಯ ಮಾತು ಕಿವಿಗೆ ಬೀಳದಿದ್ದುದಕ್ಕೂ ಇದೇ ಕಾರಣವಿರಬಹುದೇ ಎಂಬ ಇಲಾಖೆಯ ಪ್ರಶ್ನೆಗೆ ಡಾಕ್ಟರರು ನಕ್ಕರೇ ಹೊರತು ಲಿಖಿತ ಉತ್ತರ ನೀಡಿರುವುದಿಲ್ಲ. ಲೈಸೆನ್ಸನ್ನು ಹಿಂದಿರುಗಿಸಲಾಯಿತು. ಕಾರನ್ನು ಮಾರಲಾಯಿತು. ಕೋಟು ಬಾಗಿಲ ಬಳಿಯ ಗೂಟಕ್ಕೆ ಬಂತು. ಸದರಿಯವರು ಕಿಟಕಿಗೆ ಬಂದರು.

ಆ ಬಳಿಕ ಉದ್ಭವಿಸಿದ ಪರಿಸ್ಥಿತಿಯನ್ನು ಕೂಲಂಕಷವಾಗಿ ಪರಿಶೀಲಿಸಿ, ತಕ್ಷಣದಿಂದ ಜಾರಿಗೆ ಬರುವಂತೆ ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

1. ಊಟದ ವೇಳೆಯಲ್ಲಿ ವಿಮಾನ ಇಳಿಸುವುದರ ಬಗ್ಗೆ: ಯಾವ ವಿಮಾನ ಎಲ್ಲಿದೆ ಎಂದು ತೋರಿಸುವ ಆ್ಯಪ್ ಅನ್ನು ಸದರಿಯವರು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು, ಸಾರಿಗೂ ಮಜ್ಜಿಗೆಗೂ ನಡುವೆ “ದೋಹಾದ್ದು ಇಳೀತು”, “ದುಬೈಯದ್ದು ಒಂದು ಸುತ್ತು ಹೊಡೀತಾ ಉಂಟು ಪಾಪ” ಎಂದು ಪ್ರಕಟಣೆ ನೀಡುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಇನ್ನು ಮುಂದೆ ಊಟದ ಹೊತ್ತಿನಲ್ಲಿ ಒಂದು ವಿಮಾನವನ್ನು ಮಾತ್ರ ಇಳಿಸಲು ಅವಕಾಶವಿರುತ್ತದೆ. ಅದು ಯಾವುದೆಂಬುದನ್ನು ಊಟಕ್ಕೆ ಮುಂಚೆಯೇ ತೀರ್ಮಾನಿಸತಕ್ಕದ್ದು. ಆಕಾಶದಲ್ಲಿ ಬಾಕಿ ಉಳಿದವುಗಳ ಬಗ್ಗೆ ಯಾರೂ ಚಿಂತಿಸತಕ್ಕದ್ದಲ್ಲ. ಅವುಗಳಲ್ಲಿ ಪೈಲಟ್‌ಗಳಿದ್ದಾರೆಂದು ಇಲಾಖೆಗೆ ಖಚಿತವಾಗಿ ತಿಳಿದುಬಂದಿದೆ.

2. ಮನೆಗೆ ಬರುವವರನ್ನು ಸ್ವಾಗತಿಸುವುದರ ಬಗ್ಗೆ: ಮನೆಯ ಸದಸ್ಯರು ಹೊರಗೆ ಹೋಗಿ ಹಿಂತಿರುಗಿದಾಗಲೆಲ್ಲ ಸದರಿಯವರು ಬಾಗಿಲಲ್ಲಿ ನಿಂತು, ಕೈಯಲ್ಲಿರುವುದನ್ನು ಕಸಿದುಕೊಂಡು, “ಪ್ರಯಾಣ ಹೇಗಾಯ್ತು? ಕಷ್ಟ ಏನೂ ಆಗ್ಲಿಲ್ಲ ಅಲ್ವಾ?” ಎಂದು ಕೇಳುತ್ತಿದ್ದಾರೆ. ಕಸದ ಡಬ್ಬಿಯನ್ನು ರಸ್ತೆಯ ಬದಿಗಿಟ್ಟು ಬಂದ ತುಷಾರ್ ಇದಕ್ಕೆ, “ಪಪ್ಪಾ, ಐ ಓನ್ಲಿ ಟುಕ್ ದ ಬಿನ್ ಔಟ್!” ಎಂದು ಆಕ್ಷೇಪಣೆ ಸಲ್ಲಿಸಿರುತ್ತಾನೆ. ಆಕ್ಷೇಪಣೆಯನ್ನು ಸ್ವೀಕರಿಸಿದ ಸದರಿಯವರು ಅವನಿಗೆ ಚಹಾ ಕೊಟ್ಟಿರುತ್ತಾರೆ. ಈ ಮೂಲಕ ಸೂಚಿಸುವುದೇನೆಂದರೆ, ಗೇಟಿನಿಂದಾಚೆ ಹೋಗಿ ಬಂದವರನ್ನು ಮಾತ್ರ ಪ್ರಯಾಣಿಕರೆಂದು ಪರಿಗಣಿಸತಕ್ಕದ್ದು. ಮಹಡಿಯಿಂದ ಇಳಿದವರು ಈ ವರ್ಗದಲ್ಲಿ ಬರುವುದಿಲ್ಲ.

3. ಪಾರ್ಸೆಲ್ ತರುವ ವ್ಯಕ್ತಿಯ ಬಗ್ಗೆ: ಇವರನ್ನು ಒಳಗೆ ಕರೆದು, ಕಂದು ಕೋಟು ತೊಡಿಸಿ, ಊರು ಯಾವುದೆಂದು ವಿಚಾರಿಸಲಾಗಿ, ಸ್ಟಾಕ್‌ಪೋರ್ಟ್ ಎಂದು ತಿಳಿದುಬಂದಿದೆ. ಅಂದರೆ ಇಲ್ಲಿಂದ ಕೂಗಳತೆ. ಹಾಗಿದ್ದರೂ “ಮನೆಯವರಿಗೆ ಮುಟ್ಟಿದೆ ಅಂತ ಒಂದು ಫೋನ್ ಮಾಡಿ” ಎಂದು ಸದರಿಯವರು ತಮ್ಮ ಫೋನನ್ನು ಅವರ ಕೈಗೆ ಕೊಟ್ಟಿದ್ದು, ಅವರು ಗೌರವಾರ್ಥ ತಮ್ಮ ತಾಯಿಗೆ ಕರೆ ಮಾಡಿರುತ್ತಾರೆ. ಆ ತಾಯಿ ಮಗನ ಧ್ವನಿ ಕೇಳಿ ಬಹಳ ದಿನವಾಗಿತ್ತೆಂದು ಸಂತೋಷಪಟ್ಟಿದ್ದರಿಂದ ಈ ಪ್ರಕರಣದಲ್ಲಿ ಶಿಸ್ತುಕ್ರಮವನ್ನು ಕೈಬಿಡಲಾಗಿದೆ. ಆದರೆ ಇದನ್ನು ಪೂರ್ವನಿದರ್ಶನವೆಂದು ಭಾವಿಸತಕ್ಕದ್ದಲ್ಲ.

4. ಹೆಸರಿಲ್ಲದ ಫಲಕದ ಬಗ್ಗೆ (ಇದು ಮುಖ್ಯ): ಕಾರಿಲ್ಲದಿದ್ದರೇನು, ಟ್ರಾಮು ಏರ್‌ಪೋರ್ಟಿನವರೆಗೂ ಹೋಗುತ್ತದೆ ಎಂಬುದನ್ನು ಸದರಿಯವರು ಏಪ್ರಿಲ್‌ನಲ್ಲಿ ಕಂಡುಕೊಂಡರು. ಬರುವವರಿದ್ದಾರೆಯೇ ಎಂದು ಮೊದಲು ವಿಚಾರಿಸಿದಾಗ, ಸಾಲ್ಫರ್ಡ್‌ಗೆ ಓದಲು ಬರಲಿದ್ದ ಚಿರಾಗ್ ಎಂಬ ಹುಡುಗ, “ಬೇಡ ಅಂಕಲ್, ಆ್ಯಪ್‌ನಲ್ಲಿ ಟ್ಯಾಕ್ಸಿ ಬುಕ್ ಮಾಡಿದೀನಿ. ನೀವ್ಯಾಕೆ ಸುಮ್ನೆ ತೊಂದ್ರೆ ತಗೊಳ್ತೀರ?” ಎಂದು ಉತ್ತರಿಸಿದನು. ಮಗು ಒಳ್ಳೆಯದು, ಮಾತೂ ಒಳ್ಳೆಯದೇ. ಆದರೆ ಇದನ್ನು ತೊಂದರೆ ಎಂದು ಕರೆದವರಲ್ಲಿ ಅವನೇ ಮೊದಲಿಗ. ಸದರಿಯವರು ಫೋನಿಟ್ಟು, ತುಸು ಹೊತ್ತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕುಳಿತಿದ್ದರು.

ಮರುದಿನ ಅವರು ಟ್ರಾಮು ಹತ್ತಿ ಏರ್‌ಪೋರ್ಟಿಗೆ ಹೋಗಿ, ಏನೂ ಬರೆಯದ ಫಲಕವನ್ನು ಹಿಡಿದು, ಮಾರ್ಕರ್ ಪೆನ್ನನ್ನು ಜೇಬಿನಲ್ಲಿಟ್ಟುಕೊಂಡು ನಿಂತರು. ಅವರನ್ನು ಹ್ಯಾರಿ ಎಂದೇ ಬಲ್ಲ ಭದ್ರತಾ ಸಿಬ್ಬಂದಿಯು ಯಾರಿಗಾಗಿ ಕಾಯುತ್ತಿದ್ದೀರೆಂದು ಕೇಳಿದಾಗ, “ಇನ್ನೂ ಗೊತ್ತಿಲ್ಲ. ನಮ್ಮವರು ಯಾರಾದರೂ ಬಂದೇ ಬರುತ್ತಾರೆ. ಬಂದ ಮೇಲೆ ಹೆಸರು ಕೇಳಿ ಬರೆಯುತ್ತೇನೆ” ಎಂದು ಇಂಗ್ಲಿಷಿನಲ್ಲಿ ತಿಳಿಸಿದ್ದಾರೆ. ಸಿಬ್ಬಂದಿಯು ಅವರನ್ನು ಬೆಂಚಿನ ಮೇಲೆ ಕೂರಿಸಿ, ಕಾಫಿ ಕೊಡಿಸಿ, ಇಲಾಖೆಗೆ ಫೋನ್ ಮಾಡಿರುತ್ತದೆ. ಮೊದಲ ಸಲ ಬಂದಿಳಿದ ದಿನ ಸದರಿಯವರು ಕಾದು ಕುಳಿತಿದ್ದ ಬೆಂಚೂ ಅದೇ ಇರಬಹುದೇ ಎಂದು ಇಲಾಖೆ ಕೇಳಿರುವುದಿಲ್ಲ.

ಆದ್ದರಿಂದ, ನಿಗದಿತ ಪ್ರಯಾಣಿಕರಿಲ್ಲದೆ ಏರ್‌ಪೋರ್ಟಿನಲ್ಲಿ ನಿಲ್ಲುವುದನ್ನು ಈ ಮೂಲಕ ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ನಿಷೇಧಕ್ಕೆ ಬದಲಾಗಿ ಏನನ್ನು ಕೊಡುವುದು ಎಂಬುದೇ ಈ ಸುತ್ತೋಲೆಯ ಮುಂದಿನ ಭಾಗ.

(ಕುಕ್ಕರ್ ಕೂಗಿದ್ದರಿಂದ ಕಚೇರಿಯ ಕೆಲಸ ಇಲ್ಲಿ ಕೆಲಕಾಲ ಸ್ಥಗಿತಗೊಂಡಿತ್ತು. ಅರಿಶಿನದ ಕಲೆಯನ್ನು ಮೊಹರು ಎಂದು ಓದಿಕೊಳ್ಳತಕ್ಕದ್ದು.)

5. ತೋಟಗಾರಿಕೆ: ನೆರೆಬೀದಿಯ ಶೋಭಾ ಅಕ್ಕನವರ ಶಿಫಾರಸಿನ ಮೇರೆಗೆ ಕೌನ್ಸಿಲ್‌ನ ತರಕಾರಿ ತೋಟದಲ್ಲಿ ಜಾಗ ಕೋರಿ ಅರ್ಜಿ ಸಲ್ಲಿಸಲಾಯಿತು. ಸರದಿ ಬರುವಾಗ ತುಷಾರ್‌ಗೆ ಮಕ್ಕಳಾಗಿರುತ್ತವೆ ಎಂಬ ಅಂದಾಜಿನ ಉತ್ತರ ಬಂದಿದೆ. ಅಲ್ಲಿಯವರೆಗೆ ಅಭ್ಯಾಸಕ್ಕೆಂದು ಸದರಿಯವರು ಬಸಳೆಯ ಬಳ್ಳಿಯೊಂದನ್ನು ಮನೆಯಲ್ಲೇ ಅತ್ಯಂತ ಬೆಚ್ಚಗಿರುವ ಸ್ಥಳದಲ್ಲಿ, ಅಂದರೆ ಕೆಳಗಿನ ಟಾಯ್ಲೆಟ್‌ನಲ್ಲಿ, ನೆಟ್ಟರು. ಬಳ್ಳಿ ಕಿಟಕಿ ದಾಟಿ, ನಲ್ಲಿ ಹತ್ತಿ, ಈಗ ಫ್ಲಶ್ ಹಿಡಿಯ ಕಡೆಗೆ ಕೈಚಾಚಿದೆ. ಟಾಯ್ಲೆಟ್ ಬಳಸುವವರು ಬಳ್ಳಿಯನ್ನು ಮೃದುವಾಗಿ ಬದಿಗೆ ಸರಿಸಿ, ಕೆಲಸ ಮುಗಿದ ಮೇಲೆ ಯಥಾಸ್ಥಾನದಲ್ಲಿ ಇಡತಕ್ಕದ್ದು. ಅದರ ಎಲೆಯಿಂದ ಮಾಡಿದ ಪದಾರ್ಥವನ್ನು ಅತಿಥಿಗಳಿಗೆ ಬಡಿಸುವಾಗ ಬೆಳೆದ ಸ್ಥಳವನ್ನು ಹೇಳುವ ಅಗತ್ಯವಿಲ್ಲ. ಒಂದು ಬಳ್ಳಿಯ ಹತ್ತಿರ ದಿನಕ್ಕೆ ಎಷ್ಟು ಸಲ ಹೋಗಿ “ಎಂತ, ಹೇಗಿದ್ದೀ?” ಎಂದು ಕೇಳಬಹುದೋ ಅಷ್ಟು ಸಲ ಕೇಳಿ ಮುಗಿದ ಬಳಿಕ ಸದರಿಯವರು ಪುನಃ ಕಿಟಕಿಗೆ ಮರಳಿದ್ದಾರೆ.

6. ಹೆಣಿಗೆ: ಲೈಬ್ರರಿಯಲ್ಲಿ ಗುರುವಾರ ಹೆಂಗಸರು ಕೂಡಿ ಹೆಣೆಯುವ ಗುಂಪಿಗೆ ಸದರಿಯವರು ಸೇರಿದರು. ಕೋಟಿನ ಜೊತೆಗೆ ಒಂದು ಮಫ್ಲರ್ ಕೂಡ ಇರಬೇಕಿತ್ತು ಎಂಬುದು ಅವರ ಹಳೆಯ ಕೊರಗು. ಹೆಣಿಗೆ ಆರಂಭಿಸುವುದನ್ನೂ ಮುಂದುವರಿಸುವುದನ್ನೂ ಮಾರ್ಗರೆಟ್ ಎಂಬ ಹಿರಿಯ ಮಹಿಳೆ ಚೆನ್ನಾಗಿ ಕಲಿಸಿದರು. ಮುಗಿಸುವುದನ್ನು ಕಲಿಸುವ ಮೊದಲೇ ಅವರು ಮಗಳನ್ನು ನೋಡಲು ಸ್ಪೇನ್‌ಗೆ ಹೋಗಿದ್ದಾರೆ. ಮೊಬೈಲಿನಲ್ಲಿ ನೋಡಿ ಕಲಿಯಬಹುದಲ್ಲ ಎಂದು ಕ್ಷಮಾ ಸೂಚಿಸಿದಾಗ, “ಅವರು ಬಂದು ಹೇಳಿಕೊಡ್ತೇನೆ ಅಂದಿದ್ದಾರೆ, ನಾವು ಮುಂಚೆಯೇ ಮುಗಿಸಿದ್ರೆ ಬೇಜಾರಾಗ್ಲಿಕ್ಕಿಲ್ವಾ?” ಎಂದು ಸದರಿಯವರು ನಿರಾಕರಿಸಿದರು. ಪರಿಣಾಮವಾಗಿ ಮಫ್ಲರ್ ಈಗ ಸೋಫಾದಿಂದ ಹೊರಟು ಮೆಟ್ಟಿಲು ಹತ್ತುತ್ತಿದೆ. ಮೆಟ್ಟಿಲು ಬಳಸುವವರು ಎಡಬದಿಯಲ್ಲಿ ನಡೆಯತಕ್ಕದ್ದು. ಬಲಬದಿಯು ಮಫ್ಲರ್‌ಗೆ ಮೀಸಲು.

7. ವಾಕಿಂಗ್ ಗುಂಪು: ಅರವತ್ತು ದಾಟಿದವರ ನಡಿಗೆಯ ಗುಂಪು ಮೇ ತಿಂಗಳಲ್ಲಿ ಕಾಡಿನ ನೀಲಿ ಹೂ ನೋಡಲು ಹೊರಟಾಗ, ದಾರಿ ತೋರಿಸುವ ಜವಾಬ್ದಾರಿಯನ್ನು ಸದರಿಯವರಿಗೆ ವಹಿಸಲಾಯಿತು. ಗುಂಪು ರನ್‌ವೇ ಬೇಲಿಯ ಬಳಿ ತಲುಪಿತು. ಹೂವಿನ ಬಗ್ಗೆ ಕೇಳಿದವರಿಗೆ ಸದರಿಯವರು, ಈಗ ಬರುತ್ತದೆ, ಅಬುಧಾಬಿಯದ್ದು, ಹತ್ತು ನಿಮಿಷ ಲೇಟು, ಎಂದು ಮಾಹಿತಿ ನೀಡಿದರು. ಹಿರಿಯರು ದೂರು ಕೊಡುವ ಬದಲು ಬೇಲಿ ಹಿಡಿದು ನಿಂತು, ಇಳಿದ ವಿಮಾನಕ್ಕೆ ಕೈಬೀಸಿ, ಮುಂದಿನ ತಿಂಗಳೂ ಇಲ್ಲಿಗೇ ಬರೋಣವೆಂದು ಠರಾವು ಮಾಡಿದ್ದಾರೆ. ಮನೆಗೆ ಬಂದ ಸದರಿಯವರು ಮಾತ್ರ, “ಬೇಲಿಯ ಹೊರಗಿಂದ ನೋಡೋದರಲ್ಲಿ ಎಂತ ಉಂಟು” ಎಂದು ಬೂಟು ಬಿಚ್ಚಿಟ್ಟರು. ಆ ಬೂಟು ಇನ್ನೂ ಅಲ್ಲೇ ಇದೆ. ಅದನ್ನು ಎಡವಿದವರು ಬೈಯತಕ್ಕದ್ದಲ್ಲ.

8. ದಾನದ ಅಂಗಡಿ: ಜನ ಕೊಟ್ಟ ಹಳೆಯ ಬಟ್ಟೆ ಪಾತ್ರೆಗಳನ್ನು ಮಾರಿ ಬಂದ ಹಣವನ್ನು ಒಳ್ಳೆಯ ಕೆಲಸಕ್ಕೆ ಬಳಸುವ ಅಂಗಡಿಯಲ್ಲಿ ಸದರಿಯವರು ಸ್ವಯಂಸೇವಕರಾಗಿ ಸೇರಿದ್ದು ಸೆಪ್ಟೆಂಬರ್‌ನಲ್ಲಿ. ಇದು ಇಲಾಖೆಯದೇ ಆಯ್ಕೆ. ಬಹಳ ಭರವಸೆ ಇಡಲಾಗಿತ್ತು. ಓದಲು ಬಂದ ಒಬ್ಬಳು ಹುಡುಗಿ, ಯಾವ ದೇಶದವಳೋ, ತೋಳು ಉಜ್ಜಿಕೊಳ್ಳುತ್ತಾ ಕೋಟುಗಳ ಬಳಿ ನಿಂತು ಬೆಲೆಯ ಚೀಟಿ ತಿರುವಿ ನೋಡುತ್ತಿದ್ದಳಂತೆ. ಸದರಿಯವರು ಅತ್ಯುತ್ತಮ ಕೋಟು ಆರಿಸಿ, ಅವಳಿಗೆ ತೊಡಿಸಿ, ಬಾಗಿಲು ತೆರೆದು ಕಳುಹಿಸಿಕೊಟ್ಟರು. ಅಂಗಡಿಯ ಮ್ಯಾನೇಜರ್ ವಿವರಣೆ ಕೇಳಿದ್ದಕ್ಕೆ ದುಡ್ಡನ್ನು ತಮ್ಮ ಜೇಬಿನಿಂದ ಕಟ್ಟಿದರು. ಇದು ಅದೇ ವಾರದಲ್ಲಿ ಮತ್ತೆ ಮತ್ತೆ ನಡೆದಾಗ ಮ್ಯಾನೇಜರ್ ಅವರನ್ನು ಕೂರಿಸಿ, ಹ್ಯಾರಿ, ನೀವು ಬಹಳ ಒಳ್ಳೆಯವರು, ಆದರೆ ಇದು ಅಂಗಡಿ ಎಂದು ಮೆಲ್ಲಗೆ ಹೇಳಿರುತ್ತಾರೆ. “ಹೊಸಬರ ಹತ್ರ ಬಂದ ದಿನವೇ ದುಡ್ಡು ಕೇಳ್ಲಿಕ್ಕೆ ಆಗ್ತದಾ ಚಿತ್ರಾ?” ಎಂದು ಸದರಿಯವರು ಇಲಾಖೆಯನ್ನು ಕೇಳಿರುತ್ತಾರೆ. ಕಡತ ಬಾಕಿ.

9. ಹೊರಗಿನವರ ಸಲಹೆಗಳ ಬಗ್ಗೆ: ಶೋಭಾ ಅಕ್ಕನವರು ಪ್ರತಿ ಶುಕ್ರವಾರ ಹೊಸ ಹವ್ಯಾಸವೊಂದನ್ನು ಫೋನಿನಲ್ಲಿ ಮಂಜೂರು ಮಾಡುತ್ತಿದ್ದಾರೆ. ಕೊಳಲು, ಜೇನು ಸಾಕಣೆ, ತಣ್ಣೀರಿನಲ್ಲಿ ಈಜು ಇವೆಲ್ಲ ಬಂದುಹೋಗಿವೆ. “ನೀನು ಅವರನ್ನು ಸುಮ್ಮನೆ ಕೂರಿಸ್ಬೇಡ ಮಾರಾಯ್ತಿ, ಗಂಡಸರು ಕೂತ್ರೆ ಹಾಳಾಗ್ತಾರೆ, ನಮ್ಮ ಮನೇಲಿ ನೋಡು” ಎಂಬ ಅವರ ಕೊನೆಯ ಟಿಪ್ಪಣಿಯನ್ನು ಅವರ ಪತಿಯ ಗಮನಕ್ಕೆ ತಾರದಂತೆ ಗೌಪ್ಯವಾಗಿಡಲಾಗಿದೆ. ಇಲಾಖೆಯ ಪೂರ್ವಾನುಮತಿಯಿಲ್ಲದೆ ಯಾರೂ ಈ ಮನೆಗೆ ಜೇನುಹುಳ ತರತಕ್ಕದ್ದಲ್ಲ.

10. ಆಸ್ಪತ್ರೆ: ಕ್ಷಮಾ ಫಿಸಿಯೋ ಆಗಿ ಕೆಲಸ ಮಾಡುವ ದೊಡ್ಡ ಆಸ್ಪತ್ರೆಯ ಮುಖ್ಯ ಬಾಗಿಲಲ್ಲಿ, ಒಳಬಂದವರಿಗೆ ದಾರಿ ತೋರಿಸುವ ಸ್ವಯಂಸೇವಕರು ಬೇಕಾಗಿದ್ದಾರೆಂದು ಅವಳೇ ಸುದ್ದಿ ತಂದಳು. ಅವಳ ಮಾತಿನಲ್ಲೇ ಹೇಳುವುದಾದರೆ: “ಪಪ್ಪಾ, ಅದೂ ಒಂಥರಾ ಅರೈವಲ್ಸೇ. ಎಲ್ಲರೂ ಭಯದಲ್ಲೇ ಬಂದಿರ್ತಾರೆ, ಯಾರಿಗೂ ದಾರಿ ಗೊತ್ತಿರಲ್ಲ. ಲಗೇಜ್ ಒಂದಿಲ್ಲ ಅಷ್ಟೆ.”

ಸಂದರ್ಶನದಲ್ಲಿ ಡೆನೀಸ್ ಎಂಬ ಅಧಿಕಾರಿಯು, ಬಹಳ ಹೊತ್ತು ನಿಲ್ಲಬೇಕಾಗುತ್ತದೆ, ಕೆಲವೊಮ್ಮೆ ಯಾರೂ ಬರುವುದೇ ಇಲ್ಲ, ನಿಮಗೆ ಬೇಸರವಾಗದೇ ಎಂದು ಕೇಳಿದರಂತೆ. ಹೊರಗೆ ಕುಳಿತಿದ್ದ ಕ್ಷಮಾ ನಗು ತಡೆಯಲಾರದೆ ಎದ್ದು ನೀರು ಕುಡಿಯಲು ಹೋದದ್ದರಿಂದ ಸದರಿಯವರ ಉತ್ತರ ದಾಖಲಾಗಿಲ್ಲ. ಆಯ್ಕೆಯಾಗಿದೆ.

ತರಬೇತಿಯ ದಿನ ಸದರಿಯವರು ಒಬ್ಬ ಅಜ್ಜನನ್ನು ಎಕ್ಸ್‌ರೇ ಕೋಣೆಯ ಬಾಗಿಲಿಗೆ ಮುಟ್ಟಿಸಿ ಹಿಂದಿರುಗಬೇಕಿತ್ತು. ಹಿಂದಿರುಗಲಿಲ್ಲ. ಹುಡುಕಿದಾಗ ಆ ಬಾಗಿಲ ಹೊರಗೇ ನಿಂತಿದ್ದರು. ಅಜ್ಜ ಹೊರಬಂದ ಕೂಡಲೇ ಕೈಯಲ್ಲಿದ್ದ ಚೀಲ ತೆಗೆದುಕೊಂಡು, ಹೇಗಾಯ್ತು ಎಂದು ಕೇಳಿದರು. ಅಜ್ಜ ಅವರನ್ನು ಡಾಕ್ಟರರೆಂದು ತಿಳಿದು ಎಲ್ಲವನ್ನೂ ಹೇಳಿಕೊಂಡಿದ್ದಾರೆ. ಇದು ನಿಯಮದಲ್ಲಿಲ್ಲ ಎಂದು ಡೆನೀಸ್ ಹೇಳಿದ್ದಾರೆ. ನಿಯಮವನ್ನು ನೋಡುತ್ತೇನೆ ಎಂದೂ ಹೇಳಿದ್ದಾರೆ. ಆದುದರಿಂದ ಮುನ್ನೆಚ್ಚರಿಕೆಯಾಗಿ ಸದರಿಯವರಿಗೆ ಈ ಕೆಳಗಿನ ಷರತ್ತುಗಳನ್ನು ವಿಧಿಸಲಾಗಿದೆ:

ಅ) ರೋಗಿಗಳ ಹೆಸರನ್ನು ಫಲಕದ ಮೇಲೆ ಬರೆದು ಎತ್ತಿ ಹಿಡಿಯತಕ್ಕದ್ದಲ್ಲ. ಅಲ್ಲಿ ಹೆಸರುಗಳು ಗುಟ್ಟು.

ಆ) “ನಿಮ್ಮದು ಊರು ಎಲ್ಲಿ ಆಯ್ತು?” ಎಂಬ ಪ್ರಶ್ನೆಯನ್ನು ಒಬ್ಬರಿಗೆ ಒಂದೇ ಸಲ ಕೇಳತಕ್ಕದ್ದು, ಗಾಲಿಕುರ್ಚಿಯಲ್ಲಿ ಇರುವವರು ತಾವಾಗಿ ಎದ್ದು ಹೋಗಲಾರರು ಎಂಬುದನ್ನು ದುರುಪಯೋಗಪಡಿಸಿಕೊಳ್ಳತಕ್ಕದ್ದಲ್ಲ.

ಇ) ಆಪರೇಷನ್‌ಗೆ ಏನೂ ತಿನ್ನದೆ ಬಂದವರಿಗೆ ಚಿತ್ರಾನ್ನ ಕೊಡತಕ್ಕದ್ದಲ್ಲ, ಅವರು ಎಷ್ಟೇ ಸೊರಗಿ ಕಂಡರೂ.

ಈ) ಯಾರನ್ನೂ ಲೀಡ್ಸ್‌ವರೆಗೆ ಬಿಟ್ಟು ಬರತಕ್ಕದ್ದಲ್ಲ.

11. ಮಂಗಳವಾರದ ಬಗ್ಗೆ: ಸದರಿಯವರ ಮೊದಲ ದಿನದ ಕೆಲಸ ಬರುವ ಮಂಗಳವಾರಕ್ಕೆ ನಿಗದಿಯಾಗಿದೆ. ನಿನ್ನೆ ಅವರು ಅಂಗಿಯನ್ನು ಇಸ್ತ್ರಿ ಮಾಡಿ, ಮಡಚಿ, ಬಿಡಿಸಿ, ಮತ್ತೆ ಇಸ್ತ್ರಿ ಮಾಡಿದರು. ಇಂದು ಮುಂಜಾನೆ ಟೋಸ್ಟ್ ತಿನ್ನುತ್ತಿದ್ದ ತುಷಾರ್‌ನನ್ನು, ತಮಾಷೆಯೆಂಬಂತೆ, “ಅಲ್ಲಿಯೂ ಬೇಡ ಅಂದ್ರೆ ಎಂತ ಮಾಡುವುದು ಮಗಾ?” ಎಂದು ಕೇಳಿದರು. ತುಷಾರ್ ಫೋನಿನಿಂದ ತಲೆ ಎತ್ತಿದನು. ಇದು ಈ ಮನೆಯಲ್ಲಿ ಅಪರೂಪಕ್ಕೆ ನಡೆಯುವ ಸಂಗತಿಯಾದ್ದರಿಂದ ದಾಖಲಿಸಲಾಗಿದೆ. “ದೇ ವೋಂಟ್, ಪಪ್ಪಾ. ಯೂ ವರ್ ಮೇಡ್ ಫಾರ್ ಇಟ್,” ಎಂದನು. ಸದರಿಯವರು ಅವನ ತಟ್ಟೆಗೆ ಇನ್ನೊಂದು ಟೋಸ್ಟ್ ಹಾಕಿ, ಕೆಳಗಿನ ಟಾಯ್ಲೆಟ್‌ಗೆ ಹೋಗಿ, ಬಸಳೆಗೆ ನೀರು ಹಾಕಿದರು. ಅದಕ್ಕೆ ಎದ್ದ ಕೂಡಲೇ ಒಮ್ಮೆ ಹಾಕಿಯಾಗಿತ್ತು.

ಆಸ್ಪತ್ರೆಯಿಂದ ಮನೆ ಕಡೆಗೆ ಬರುವ ಟ್ರಾಮೇ ಮುಂದೆ ಏರ್‌ಪೋರ್ಟಿಗೂ ಹೋಗುತ್ತದೆ ಎಂಬುದನ್ನು ಇಲಾಖೆ ಮರೆತಿಲ್ಲ. ದಿನ ಒಳ್ಳೆಯದಾಗಿ ಕಳೆದರೆ ಸರಿ. ಕಳೆಯದಿದ್ದರೆ, ನಮ್ಮ ನಿಲ್ದಾಣದಲ್ಲಿ ಇಳಿಯಲು ಮನಸ್ಸಾಗದೆ, ಕುಳಿತಲ್ಲೇ ಕುಳಿತು ಮುಂದಕ್ಕೆ ಹೋಗುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಆದಕಾರಣ, ಎರಡರಲ್ಲಿ ಯಾವುದೇ ಆಗಲಿ, ಈ ಕೆಳಕಂಡಂತೆ ಆದೇಶಿಸಿದೆ:

ಮಂಗಳವಾರ ಸಂಜೆ ಇಲಾಖೆಯ ಮುಖ್ಯಸ್ಥರೂ ತುಷಾರ್‌ನೂ ಮನೆಯ ಹತ್ತಿರದ ಟ್ರಾಮ್ ನಿಲ್ದಾಣದಲ್ಲಿ ಮುಂಚಿತವಾಗಿ ಹಾಜರಿರತಕ್ಕದ್ದು. ಟ್ರಾಮು ಲೇಟಾದರೆ ನಿಂತಿರತಕ್ಕದ್ದು. ಸದರಿಯವರು ಹೊರಟ ಕೂಡಲೇ ಕ್ಷಮಾ ಸುದ್ದಿ ಕಳುಹಿಸತಕ್ಕದ್ದು. ನಾವು ನಿಲ್ದಾಣ ಸೇರುವುದು ತಡವಾಗುವಂತಿದ್ದರೆ, ಅವರು ಹೊರಡುವ ಮೊದಲೇ ಅವಳು ಯಾವುದಾದರೂ ನೆಪ ಹೇಳಿ ಅವರನ್ನು ಆಸ್ಪತ್ರೆಯಲ್ಲೇ ತಡೆದಿಡತಕ್ಕದ್ದು.

ರಟ್ಟಿನ ಫಲಕದ ಮೇಲೆ ತುಷಾರ್ ತನ್ನ ಕೈಯಾರೆ ‘ಹರಿಶ್ಚಂದ್ರ’ ಎಂದು ಕನ್ನಡದಲ್ಲಿ ಬರೆಯತಕ್ಕದ್ದು. ಅವನಿಗೆ ಕನ್ನಡ ಬರೆಯಲು ಬಾರದೆಂಬ ಮನವಿಯನ್ನು ತಿರಸ್ಕರಿಸಲಾಗಿದೆ. ಮೇಲ್ಪಂಕ್ತಿ ಹಾಕಿಕೊಟ್ಟು ಎರಡು ಸಂಜೆಯಿಂದ ತಿದ್ದಿಸಲಾಗುತ್ತಿದೆ. ಗಣಿತದ ಟ್ಯೂಷನ್ ಎಂದು ಸದರಿಯವರಿಗೆ ನಂಬಿಸಲಾಗಿದೆ. ಫಲಕವನ್ನು ಪಕ್ಕಕ್ಕಲ್ಲ, ಅವರ ಕಣ್ಣಿಗೆ ನೇರ ಎದುರಾಗಿ ಹಿಡಿಯತಕ್ಕದ್ದು.

ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಚಿತ್ರಾನ್ನ ಇರತಕ್ಕದ್ದು. ಮುಗಿಯದ ಮಫ್ಲರನ್ನು ಸೂಜಿಯ ಸಮೇತ ತರತಕ್ಕದ್ದು; ಸುತ್ತಲು ಎಷ್ಟು ಬೇಕೋ ಅಷ್ಟು ಸುತ್ತಿ, ಉಳಿದದ್ದನ್ನು ತುಷಾರ್ ಹೊತ್ತುಕೊಳ್ಳತಕ್ಕದ್ದು.

ಕಂದು ಕೋಟನ್ನು ಗೂಟದಿಂದ ಇಳಿಸಿ ತರತಕ್ಕದ್ದು. ಅದನ್ನು ತೊಟ್ಟವರಲ್ಲಿ ಈಗ ಬರ್ಮಿಂಗ್‌ಹ್ಯಾಮ್‌ನ ಡಾಕ್ಟರರಿದ್ದಾರೆ, ಲೀಡ್ಸ್‌ನ ಅಜ್ಜಿಯರಿದ್ದಾರೆ, ಸ್ಟಾಕ್‌ಪೋರ್ಟಿನ ಪಾರ್ಸೆಲ್‌ನವರಿದ್ದಾರೆ. ಸದರಿಯವರು ಇದುವರೆಗೆ ಒಮ್ಮೆಯೂ ತೊಟ್ಟಿರುವುದಿಲ್ಲ. ಅದು ಬರುವವರದ್ದು ಎಂಬುದು ಅವರ ವಾದ. ಮಂಗಳವಾರ ಬರುವವರು ಅವರೇ ಆಗಿರುವುದರಿಂದ ವಾದಕ್ಕೆ ಅವಕಾಶವಿರುವುದಿಲ್ಲ. ಇಲಾಖೆಯೇ ತೊಡಿಸತಕ್ಕದ್ದು. ಗುಂಡಿಯನ್ನೂ ಇಲಾಖೆಯೇ ಹಾಕತಕ್ಕದ್ದು.

ಅವರು ಇಳಿದ ಕೂಡಲೇ ತುಷಾರ್ ಅವರ ಚೀಲ ತೆಗೆದುಕೊಂಡು, ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ, “ಪ್ರಯಾಣ ಹೇಗಾಯ್ತು ಪಪ್ಪಾ?” ಎಂದು ಕೇಳತಕ್ಕದ್ದು.

ಈ ಆದೇಶಕ್ಕೆ ಮಳೆ, ಹೋಂವರ್ಕ್, ನಾಚಿಕೆ ಅಥವಾ ಸಹಪಾಠಿಗಳು ನೋಡುತ್ತಾರೆಂಬ ಕಾರಣದಿಂದ ಯಾವುದೇ ವಿನಾಯಿತಿ ಇರುವುದಿಲ್ಲ.

ಸಹಿ/-
(ಚಿತ್ರಾಕ್ಷಿ)
ಇಲಾಖೆಯ ಮುಖ್ಯಸ್ಥೆ, ಪ್ರಭಾರ ಅಡುಗೆ
(ಎರಡೂ ಕೈ ಹಿಟ್ಟಾಗಿರುವುದರಿಂದ ಸಹಿಯನ್ನು ಕ್ಷಮಾ ಮಾಡಿರುತ್ತಾಳೆ)

ಪ್ರತಿಗಳು:
1. ಕು. ಕ್ಷಮಾ, ಫಿಸಿಯೋ ವಿಭಾಗ: ಅಗತ್ಯ ಕ್ರಮಕ್ಕಾಗಿ, ಮತ್ತು ಸಂದರ್ಶನದ ದಿನದಂತೆ ನಗದೇ ಇರುವುದಕ್ಕಾಗಿ.
2. ಚಿ. ತುಷಾರ್, ಪಕ್ಕದ ಕೋಣೆ: ವಾಟ್ಸಾಪ್ ಮೂಲಕ. ನೀಲಿ ಗುರುತು ಬಂದ ಮೇಲೆ ಓದಿಲ್ಲವೆಂದು ಹೇಳತಕ್ಕದ್ದಲ್ಲ.
3. ಶ್ರೀಮತಿ ಶೋಭಾ ಅಕ್ಕ: ಮಾಹಿತಿಗಾಗಿ ಮಾತ್ರ. ಟ್ರಾಮ್ ನಿಲ್ದಾಣಕ್ಕೆ ಬರುವುದಾದರೆ ಜೇನುಹುಳವಿಲ್ಲದೆ.
4. ಪಾರ್ಸೆಲ್ ತರುವ ವ್ಯಕ್ತಿ: ಕೋಟು ಮಂಗಳವಾರ ಲಭ್ಯವಿರುವುದಿಲ್ಲ ಎಂಬ ವಿಷಾದದೊಂದಿಗೆ. ತಾಯಿಗೆ ಫೋನ್ ಮಾಡುವುದನ್ನು ಮುಂದುವರಿಸುವುದು.
5. ಶ್ರೀಮತಿ ಮಾರ್ಗರೆಟ್, ಸ್ಪೇನ್: ಅವಸರವಿಲ್ಲ.
6. ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿ: ಕಾಫಿಗಾಗಿ ವಂದನೆಗಳೊಂದಿಗೆ.
7. ಬಸಳೆ ಬಳ್ಳಿ, ಕೆಳಗಿನ ಟಾಯ್ಲೆಟ್: ಫ್ಲಶ್ ಹಿಡಿಯಿಂದ ದೂರವಿರಲು ಸೂಚಿಸಿ.
8. ಶ್ರೀ ಹರಿಶ್ಚಂದ್ರ: ಪ್ರತಿ ಕಳುಹಿಸತಕ್ಕದ್ದಲ್ಲ.
9. ಕಂದು ಕೋಟಿನ ಎಡ ಜೇಬಿಗೆ: ಒಂದು ಪ್ರತಿ, ನಾಲ್ಕಾಗಿ ಮಡಚಿ. ಮಂಗಳವಾರ, ಕೈ ಬೆಚ್ಚಗಾದ ಮೇಲೆ ಸಿಗುವಂತೆ.